ಮೂವತ್ತಮೂರಕ್ಕೆ ಇಳಿಸಿದ ಹಾಡು

ನಮ್ಮ ಮನೆಯಲ್ಲಿ ಸದ್ದಿಗೆ ಎಂದೂ ಬರವಿರಲಿಲ್ಲ. ಮಧುಗಿರಿಯಲ್ಲಿ ಬೆಟ್ಟದ ಬುಡಕ್ಕೆ ಅಂಟಿಕೊಂಡ ಬೀದಿಯಲ್ಲಿ ನಮ್ಮದು ಉದ್ದನೆಯ ಮನೆ. ಮುಂದೆ ಜಗಲಿ, ಆಮೇಲೆ ನಡುಮನೆ, ಅದರಾಚೆ ಹಗಲಲ್ಲೂ ದೀಪ ಬೇಡುವ ಅಡಿಗೆಮನೆ, ಕೊನೆಗೆ ಹಿತ್ತಲು. ಅಪ್ಪ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಮದುವೆ, ನಾಮಕರಣ, ಎಲೆಕ್ಷನ್ ಭಾಷಣ, ಟೆಂಟ್ ಸಿನಿಮಾದ ಪ್ರಚಾರ, ಯಾವುದೇ ಇರಲಿ, ನಮ್ಮ ಹಾರ್ನುಗಳೇ ಹೋಗಬೇಕು. ಅದಕ್ಕೆ ಅಂತ ಬೇರೆ ಅಂಗಡಿ ಇರಲಿಲ್ಲ, ನಡುಮನೆಯೇ ಅಂಗಡಿ. ಗೋಡೆಯ ಮೊಳೆಗಳಿಗೆ ತೂಗುಹಾಕಿದ ಹಾರ್ನುಗಳು ಉಮ್ಮತ್ತಿ ಹೂವಿನ ಹಾಗೆ ಬಾಯಿ ತೆರೆದುಕೊಂಡು ನಾವು ಮುದ್ದೆ ನುಂಗುವುದನ್ನೇ ನೋಡುತ್ತಿದ್ದವು. ಮೂಲೆಯಲ್ಲಿ ಆಂಪ್ಲಿಫಯರು, ಅದರ ಪಕ್ಕ ಕಾರಿನ ಬ್ಯಾಟರಿಗಳು. ಅವುಗಳ ಹತ್ತಿರ ಸುಳಿದರೆ ಬಟ್ಟೆಗೆ ಆಸಿಡ್ ತಾಗಿ ತೂತು ಬೀಳುತ್ತಿತ್ತು. ನನ್ನ ಲಂಗಗಳಲ್ಲಿ ತೂತಿಲ್ಲದ್ದು ಒಂದೂ ಇರಲಿಲ್ಲ. ಕಿಟಕಿಯ ಕೆಳಗೆ, ಎತ್ತರದ ಸ್ಟೂಲಿನ ಮೇಲೆ, ಮುಚ್ಚಳವಿದ್ದ ಪೆಟ್ಟಿಗೆಯಲ್ಲಿ ರೆಕಾರ್ಡ್ ಪ್ಲೇಯರು. ಅದಕ್ಕೆ ಕೈಹಚ್ಚುವ ಹಕ್ಕು ಅಪ್ಪನೊಬ್ಬನಿಗೇ. ದೇವರಮನೆಗೆ ಸ್ನಾನ ಮಾಡದೆ ಹೋದರೂ ಅಪ್ಪ ಏನೂ ಅನ್ನುತ್ತಿರಲಿಲ್ಲ, ಆ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಮಾತ್ರ ಬೆನ್ನಿಗೆ ಬೀಳುತ್ತಿತ್ತು.

ನಡುಮನೆಯ ಇನ್ನೊಂದು ಮೂಲೆ ಅಜ್ಜಿಯದು. ಅಜ್ಜಿಯ ತವರು ಮಿಡಿಗೇಶಿ ಕಡೆ. ಅವಳ ತಮ್ಮಂದಿರು ಆಗಲೂ ಕುರಿ ಕಾಯುತ್ತಿದ್ದರು. ಕುರಿಗಳ ತುಪ್ಪಟ ಕತ್ತರಿಸಿದ ಮೇಲೆ ಉಣ್ಣೆಯ ಮೂಟೆ ಬಸ್ಸಿನ ಟಾಪಿನ ಮೇಲೆ ಬರುತ್ತಿತ್ತು. ಅಜ್ಜಿ ದಿನವಿಡೀ ರಾಟೆ ತಿರುಗಿಸುತ್ತ ನೂಲು ತೆಗೆಯುತ್ತಿದ್ದಳು. ನಮ್ಮ ಮನೆಗೆ ಯಾರೇ ಬರಲಿ, ಕಂಬಳಿ ಹಾಸದೆ ಕೂರಿಸಿದ್ದಿಲ್ಲ. ಬಂದವರು ಶತ್ರುವಾದರೂ ಮೊದಲು ಕಂಬಳಿ, ಆಮೇಲೆ ಬೈಗುಳ. ಒಂದು ಮೂಲೆಯಲ್ಲಿ ರಾಟೆಯ ಗುಂಯ್, ಇನ್ನೊಂದರಲ್ಲಿ ಅಪ್ಪನ ‘ಹಲೋ ಮೈಕ್ ಟೆಸ್ಟಿಂಗ್’, ಹಿತ್ತಲಿನಿಂದ ಒರಳುಕಲ್ಲು. ಮಾತಾಡಬೇಕಾದರೆ ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದೆವು. ನನ್ನ ಗಂಡ ಇವತ್ತಿಗೂ ‘ಪಕ್ಕದಲ್ಲೇ ಇದೀನಿ ಕಣೇ’ ಅನ್ನುತ್ತಾರೆ. ಆ ಗಂಟಲು ಮಾಡಿದ್ದು ಆ ಮನೆ, ನಾನಲ್ಲ.

ಇಂಥ ಮನೆಗೆ ಸರೋಜತ್ತೆ ಗಿಟಾರು ತಂದಳು. ಅವಳು ಅಪ್ಪನ ಕೊನೆಯ ತಂಗಿ. ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಟೀಚರ್ ಟ್ರೇನಿಂಗ್ ಮುಗಿಸಿ, ಕೆಲಸದ ಆರ್ಡರ್ ಬರುತ್ತದೆ ಅಂತ ಕಾಯುತ್ತ ಮನೆಯಲ್ಲಿದ್ದಳು. ಹಾಸ್ಟೆಲಿನಲ್ಲಿ ಸಂಜೆಯ ಪ್ರಾರ್ಥನೆಗೆ ಗಿಟಾರು ನುಡಿಸುತ್ತಿದ್ದ ಒಬ್ಬ ಟೀಚರು ಇವಳಿಗೂ ಕಲಿಸಿ, ಊರು ಬಿಡುವಾಗ ತಮ್ಮ ಹಳೆಯ ಗಿಟಾರನ್ನೇ ಕೊಟ್ಟುಬಿಟ್ಟಿದ್ದರು. ಅತ್ತೆ ಅದನ್ನು ಅಜ್ಜಿಯ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಕೆಳಗಿನ ಗೂಟಕ್ಕೆ ಸಿಕ್ಕಿಸುತ್ತಿದ್ದಳು. ಮಧ್ಯಾಹ್ನ ಊಟವಾಗಿ ಅಜ್ಜಿ ತೂಕಡಿಸುವ ಹೊತ್ತಿಗೆ ಇಳಿಸಿಕೊಂಡು ನಡುಮನೆಯ ಕಂಬಕ್ಕೆ ಒರಗಿ ಕೂತರೆ, ನಾನು ಸ್ಕೂಲಿಗೆ ಹೋಗುವುದಿಲ್ಲ ಅಂತ ಹೊಟ್ಟೆನೋವು ತರಿಸಿಕೊಳ್ಳುತ್ತಿದ್ದೆ. ಅಮ್ಮ ಅತ್ತೆಯ ಪಾಲಿನ ಪಾತ್ರೆಗಳನ್ನೂ ತಾನೇ ತಿಕ್ಕಿಬಿಡುತ್ತಿದ್ದಳು. ಅತ್ತಿಗೆ ನಾದಿನಿಯರ ನಡುವೆ ಅಂಥ ಹೊಂದಾಣಿಕೆ ನಮ್ಮ ಬೀದಿಯಲ್ಲಿ ಬೇರೆ ಯಾವ ಮನೆಯಲ್ಲೂ ಇರಲಿಲ್ಲ. ಅಜ್ಜಿಗೆ ಅದೂ ಒಂದು ಸಂಕಟವೇ.

ಆ ವರ್ಷ ಅತ್ತೆಗೆ ಪಾವಗಡದಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆ, ಕಡ್ಲೆಕಾಯಿ ವ್ಯಾಪಾರ, ಹುಡುಗನೂ ನೋಡಲು ಲಕ್ಷಣವಾಗಿದ್ದ. ಹುಡುಗನ ತಾಯಿ ಕನ್ನಡದೊಳಗೆ ತೆಲುಗು ಬೆರೆಸಿ ಬಹಳ ಪ್ರೀತಿಯಿಂದ ಮಾತಾಡಿದರು. ನನ್ನ ಗಲ್ಲ ಹಿಂಡಿ, ಅಮ್ಮನ ಕೋಡುಬಳೆ ಹೊಗಳಿ, ಕಣ್ಣೆತ್ತಿದಾಗ ಗೂಟದ ಮೇಲಿದ್ದ ಸೀರೆಯ ಗಂಟು ಕಂಡಿತು. ಏನು ಅಂತ ಕೇಳಿದರು. ಅತ್ತೆ ಮುಚ್ಚಿಡದೆ ಹೇಳಿದಳು.

“ಅಯ್ಯೋ ತಲ್ಲೀ, ಅದೆಲ್ಲಾ ಮಾ ಇಂಟ್ಲೋ ಕುದರದು. ನೀನು ಬಾ, ನಿನ್ನನ್ನ ನನ್ ಮಗಳ ತರ ನೋಡ್ಕೊಂತೀನಿ. ಅದು ಇಲ್ಲೇ ಇರ್ಲಿ.”

ತಮ್ಮ ಮನೆಯಲ್ಲಿ ಅದು ಆಗುವುದಿಲ್ಲ ಅನ್ನುವುದನ್ನು ಅವರು ಒರಟಾಗೇನೂ ಹೇಳಲಿಲ್ಲ. ನಗುನಗುತ್ತಲೇ ಹೇಳಿದರು. ಅತ್ತೆ ಆವತ್ತು ಊಟ ಮಾಡಲಿಲ್ಲ. ಅಜ್ಜಿಗೆ ಮಾತ್ರ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮರದ ಪೆಟ್ಟಿಗೆಯೊಂದನ್ನು ಗೂಟಕ್ಕೆ ಬಿಟ್ಟು ಹೋದರೆ ಬದುಕೇ ಸಿಗುತ್ತದಲ್ಲ ಅಂತ ಅವಳ ಲೆಕ್ಕ.

ಇದೇ ಸಮಯಕ್ಕೆ ಸಿರಾದಿಂದ ಖಾದರ್ ಸಾಬ್ ಮಾಸ್ಟರು ಬಂದರು. ಅವರದು ಮದುವೆ ಆರ್ಕೆಸ್ಟ್ರಾ. ಸ್ವತಃ ಹಾರ್ಮೋನಿಯಂ ನುಡಿಸುತ್ತಿದ್ದರು. ಅಪ್ಪನ ಹಾರ್ನುಗಳೂ ಅವರ ಆರ್ಕೆಸ್ಟ್ರಾವೂ ಎಷ್ಟೋ ಚಪ್ಪರಗಳಲ್ಲಿ ಜೊತೆಯಾಗಿದ್ದವು. ಅವರ ಗಿಟಾರಿನ ಹುಡುಗ ಬಿಟ್ಟುಹೋಗಿದ್ದ. ಆಗ ಎಲ್ಲ ಮದುವೆಗಳಲ್ಲೂ ಜನ ಒಂದೇ ಹಾಡು ಕೇಳುತ್ತಿದ್ದರು. ಯಾವ ಹಾಡು ಅಂತ ನಾನು ಹೇಳುವುದಿಲ್ಲ, ಹೇಳಿದರೆ ನೀವು ಓದುವುದು ಬಿಟ್ಟು ಗುನುಗಲು ಶುರುಮಾಡುತ್ತೀರಿ. ಹಿಂದಿ ಸಿನಿಮಾದ್ದು. ಪಲ್ಲವಿ ಮುಗಿದು ಚರಣ ಶುರುವಾಗುವ ಮುಂಚೆ ಉಳಿದ ವಾದ್ಯಗಳೆಲ್ಲ ಬಾಯಿಮುಚ್ಚಿ ಗಿಟಾರೊಂದೇ ಮೇಲಿಂದ ಉರುಳಿ ಕೆಳಗೆ ಬಂದು, ಒಂದು ಗಳಿಗೆ ಹೊಯ್ದಾಡಿ, ಮತ್ತೆ ಸರಸರ ಮೇಲೆ ಹತ್ತುತ್ತದೆ. ಆರ್ಕೆಸ್ಟ್ರಾದವರು ಅದನ್ನು ‘ಬಿಟ್’ ಅನ್ನುತ್ತಿದ್ದರು. ಬಿಟ್ ಬಾರಿಸದೆ ಹಾಡಿದರೆ ಗಂಡಿನ ಕಡೆಯ ಹುಡುಗರು ಸಿಳ್ಳೆ ಹೊಡೆದು ಮಾನ ಕಳೆಯುತ್ತಿದ್ದರು. ಮಾಸ್ಟರು ಕಾಫಿ ಕುಡಿಯುತ್ತ ಈ ಕಷ್ಟ ಹೇಳಿಕೊಳ್ಳುತ್ತಿದ್ದಾಗ ಒಳಗಿನಿಂದ ಗಿಟಾರಿನ ದನಿ ಕೇಳಿತು. ಲೋಟ ಕೆಳಗಿಟ್ಟರು.

“ಲಿಂಗಪ್ಪಾ, ಯಾರಪ್ಪ ಅದು ಒಳಗೆ?”

“ನಮ್ ತಂಗಿ ಮಾಸ್ಟ್ರೇ. ಸುಮ್ನೆ, ಹೊತ್ತೋಗಕ್ಕೆ.”

“ಹೊತ್ತೋಗಕ್ಕೆ ಬಾರ್ಸೋ ಕೈ ಅಲ್ಲ ಅದು. ಆ ಬಿಟ್ ಬಾರ್ಸಿ ತೋರಿಸ್ಲಿ, ನನ್ ಆರ್ಕೆಸ್ಟ್ರಾದಾಗೆ ಕುರ್ಚಿ ಕೊಡ್ತೀನಿ. ನನ್ ಮಗಳಂಗೆ ಕರ್ಕೊಂಡೋಗಿ ಮಗಳಂಗೆ ತಂದ್ಬಿಡ್ತೀನಿ.”

ಆವತ್ತಿನ ಊಟ ನನಗೆ ಚೆನ್ನಾಗಿ ನೆನಪಿದೆ. ಹುರುಳಿಕಾಳಿನ ಬಸ್ಸಾರು. ನಮ್ಮ ಮನೆಯ ಜಗಳಗಳೆಲ್ಲ ಊಟದ ತಟ್ಟೆಯ ಮುಂದೆಯೇ ಆಗುತ್ತಿದ್ದುದು, ಯಾಕೆಂದರೆ ಆ ಹೊತ್ತಿನಲ್ಲಿ ಮಾತ್ರ ರಾಟೆಯೂ ಮೈಕೂ ಸುಮ್ಮನಿರುತ್ತಿದ್ದವು.

“ಚಪ್ಪರದಾಗೆ ಊರೋರೆಲ್ಲ ನೋಡೋ ಹಂಗೆ ಕುಂತ್ಕಂಡು ಬಾರಿಸ್ತಾಳಂತೆ. ನಾಳೆ ಯಾರ್ಲಾ ತಾಳಿ ಕಟ್ತಾರೆ ಇವಳಿಗೆ? ಪಾವಗಡದೋರು ಇನ್ನೂ ಹೂಂ ಅಂತವ್ರೆ, ಕೊಟ್ಬುಡು” ಅಂದಳು ಅಜ್ಜಿ.

“ನಂಗೆ ಪಾವಗಡ ಬ್ಯಾಡ ಕಣವ್ವ” ಅಂದಳು ಅತ್ತೆ.

“ಪಾವಗಡ ಬ್ಯಾಡ್ವೋ, ಆ ಪೆಟ್ಗೆ ಬಿಡಕ್ಕಾಗಲ್ವೋ?”

ಅಪ್ಪ ಮುದ್ದೆ ಹೊರಳಿಸುತ್ತ ಕೂತಿದ್ದ. ತಾಯಿಯನ್ನೂ ನೋಯಿಸಲಾರ, ತಂಗಿಯನ್ನೂ ನೋಯಿಸಲಾರ. ಇಂಥ ಗಂಡಸರು ಕೊನೆಗೆ ಒಂದು ಷರತ್ತು ಹಾಕಿ ಕೈತೊಳೆದುಕೊಳ್ಳುತ್ತಾರೆ. ಆಷಾಢದವರೆಗೆ ಸಮಯ ಕೊಡುತ್ತೇನೆ ಅಂದ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಮಾಸ್ಟರಿಗೂ ಪುರುಸೊತ್ತು, ಮನೆಗೇ ಕರೆಸುತ್ತೇನೆ. ರೆಕಾರ್ಡಿನಲ್ಲಿರುವ ಹಾಗೆ ಆ ಬಿಟ್ ಬಾರಿಸಿದರೆ ನಾನೇ ಪಾವಗಡಕ್ಕೆ ಹೋಗಿ ಇಲ್ಲ ಅಂತ ಹೇಳಿ ಬರುತ್ತೇನೆ. ಆಗದಿದ್ದರೆ ಸರೋಜಿ ಗಿಟಾರನ್ನು ಗೂಟಕ್ಕೆ ಬಿಟ್ಟು ಮದುವೆಗೆ ಒಪ್ಪಬೇಕು. ಅಜ್ಜಿ ಒಪ್ಪಿದಳು. ಅವಳಿಗೆ ಆ ಹಾಡು ಗೊತ್ತಿತ್ತು. ಆ ವೇಗದಲ್ಲಿ ಯಾರ ಕೈಯಲ್ಲೂ ಆಗುವುದಿಲ್ಲ ಅಂತ ಅವಳ ಧೈರ್ಯ.

ಆ ಧೈರ್ಯ ಸುಳ್ಳೇನೂ ಅಲ್ಲ ಅನ್ನಿಸಿತು ನಮಗೆ. ಸಂಕ್ರಾಂತಿಯ ಹೊತ್ತಿಗೆ ಅಪ್ಪ ದೊಡ್ಡ ಮನಸ್ಸು ಮಾಡಿ ಮಧ್ಯಾಹ್ನದ ಹೊತ್ತು ಆ ರೆಕಾರ್ಡು ಹಾಕಿಕೊಳ್ಳಲು ಬಿಟ್ಟ. ರೆಕಾರ್ಡಿನ ಮೇಲೆ ಮುಳ್ಳು ಇಡುವ ಕೆಲಸವನ್ನು ನನಗೆ ಕಲಿಸಿದ. ಅತ್ತೆ ಕಿವಿ ನಿಮಿರಿಸಿ ಕೂರುತ್ತಿದ್ದಳು, ಬಿಟ್ ಬರುತ್ತಿತ್ತು, ಹೋಗುತ್ತಿತ್ತು. ಬಸ್ ಸ್ಟಾಪಿನಲ್ಲಿ ನಿಲ್ಲಿಸದೆ ಹೋದ ಬಸ್ಸನ್ನು ನೋಡುವ ಹಾಗೆ ಅತ್ತೆ ಅದನ್ನು ನೋಡುತ್ತಿದ್ದಳು. ಮೊದಲ ಸ್ವರ ಸಿಕ್ಕಿತು, ಕೊನೆಯ ಸ್ವರ ಸಿಕ್ಕಿತು, ನಡುವೆ ಇದ್ದದ್ದೆಲ್ಲ ಬರೀ ಸರ್ರನೆ ಸದ್ದು. ಬೆರಳ ತುದಿಗಳು ಕೆಂಪಾಗಿ ಸಿಪ್ಪೆ ಸುಲಿದವು. ಅಮ್ಮ ಅರಿಸಿನ ಹಚ್ಚಿದಳು. ಅಜ್ಜಿ ಅದನ್ನು ನೋಡಿ, ಪಾವಗಡದವರಿಗೆ ಇನ್ನು ಸ್ವಲ್ಪ ದಿನ ತಡೆಯಿರಿ ಅಂತ ಹೇಳಿಕಳಿಸಿದಳು.

ಒಂದು ಮಧ್ಯಾಹ್ನ ಸಂಜೆಗೆ ವಾಲುವ ಹೊತ್ತಿಗೆ ಊರಿನ ಸುತ್ತ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಚಾಲೂ ಆದವೋ ಏನೋ, ಕರೆಂಟು ತೀರ ಸೋತುಹೋಯಿತು. ಬಲ್ಬು ಕೆಂಪಗೆ ಹಣ್ಣಾಯಿತು. ತಿರುಗುತ್ತಿದ್ದ ರೆಕಾರ್ಡು ಹೆಜ್ಜೆ ಎತ್ತಲಾರದೆ ನರಳತೊಡಗಿತು. ಹಾಡುತ್ತಿದ್ದ ಹೆಣ್ಣುದನಿ ಗಂಡುದನಿಯಾಯಿತು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆಗ ಬಿಟ್ ಬಂತು. ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿದು ಬರುವ ಮುದುಕನ ಹಾಗೆ ಬಂತು. ಪ್ರತಿ ಸ್ವರವೂ ಬೇರೆ ಬೇರೆ ನಿಂತು ಮುಖ ತೋರಿಸಿ ಹೋಯಿತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಗಂಗೀ, ಕೇಳಿಸ್ತಾ? ನಡುವೆ ಒಂದ್ಕಡೆ ಅವ್ನು ತಂತಿ ಮೀಟೋದೇ ಇಲ್ಲ ಕಣೇ. ಬೆರಳು ಜಾರಿಸ್ತಾನೆ ಅಷ್ಟೆ!”

ಮಾರನೆಯ ದಿನದಿಂದ ನಾವಿಬ್ಬರೂ ಕರೆಂಟು ಸೋಲಲಿ ಅಂತ ಹಾರೈಸಿದೆವು. ಊರಿಗೆಲ್ಲ ಬೇಡವಾದದ್ದು ನಮಗೆ ಬೇಕಾಗಿತ್ತು. ಬೇಕಾದಾಗ ಅದು ಸೋಲಲಿಲ್ಲ. ಆಗ ನಾನು ತಿರುಗುವ ತಟ್ಟೆಯ ಅಂಚಿಗೆ ತೋರುಬೆರಳು ಒತ್ತಿ ಹಿಡಿಯಲು ಶುರುಮಾಡಿದೆ. ಹೆಚ್ಚು ಒತ್ತಿದರೆ ಹಾಡು ಗೊರಕೆ ಹೊಡೆಯುತ್ತಿತ್ತು, ಕಮ್ಮಿ ಒತ್ತಿದರೆ ಓಡಿಹೋಗುತ್ತಿತ್ತು. ಹದ ಸಿಕ್ಕಿತು ಅನ್ನುವಾಗ ಅಪ್ಪ ಬಂದು ಮೋಟಾರು ಮುಟ್ಟಿ ನೋಡಿದ. ಕೆಂಡದ ಹಾಗೆ ಕಾದಿತ್ತು. ನನಗೆ ಬೆನ್ನಿಗೆ ಎರಡು ಬಿತ್ತು, ಅತ್ತೆಗೆ ಬಾಯಿಗೆ ಬಂದಂತೆ ಬೈಗುಳ. ಬೈದು ಬೈದು ಸುಸ್ತಾದ ಮೇಲೆ ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದ. ಹೇಳಿದೆವು. ಅಪ್ಪ ಬಾಗಿಲ ಕಡೆ, ಅಜ್ಜಿ ಇದ್ದಾಳೋ ಅಂತ ಒಮ್ಮೆ ನೋಡಿದ. ಆಮೇಲೆ ಪ್ಲೇಯರಿನ ಪಕ್ಕದಲ್ಲಿದ್ದ ಚಿಕ್ಕ ಕಡ್ಡಿಯನ್ನು ನಲವತ್ತೈದರಿಂದ ಮೂವತ್ತಮೂರಕ್ಕೆ ಸರಿಸಿದ. ಸಣ್ಣ ರೆಕಾರ್ಡುಗಳು ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಬೇಕಾದವು, ದೊಡ್ಡವು ಮೂವತ್ತಮೂರು. ಸಣ್ಣದನ್ನು ದೊಡ್ಡದರ ವೇಗಕ್ಕೆ ಇಳಿಸಿದರೆ ಆಯಿತು.

“ಮೋಟ್ರು ಸುಡೋ ಬದ್ಲು ಕೇಳಿದ್ರೆ ಆಗ್ತಿರ್ಲಿಲ್ವಾ, ಮೂಳಗಳಾ” ಅಂದ. ಅಷ್ಟು ಹೇಳಿ, ತಾನು ಯಾವ ಪಕ್ಷಕ್ಕೂ ಸೇರಿದವನಲ್ಲ ಅನ್ನುವ ಹಾಗೆ ಜಗಲಿಗೆ ಹೋಗಿ ಬೀಡಿ ಹಚ್ಚಿದ.

ಆಮೇಲಿನ ದಿನಗಳು ನನ್ನ ಬಾಲ್ಯದಲ್ಲೇ ಬಹಳ ಚೆಂದದವು. ಮನೆ ಮೂವತ್ತಮೂರಕ್ಕೆ ಇಳಿದಿತ್ತು. ಆ ಭಾರದ, ತೂಕಡಿಸುವ ಹಾಡಿನೊಳಗೆ ನಾವು ಮಧ್ಯಾಹ್ನಗಳನ್ನು ಕಳೆದೆವು. ಅತ್ತೆಯ ಗಿಟಾರಿನ ಶ್ರುತಿ ಆ ಹಾಡಿಗೆ ಕೂಡುತ್ತಿರಲಿಲ್ಲ, ಹಾಡು ಕೆಳಗಿತ್ತು. ಅವಳು ಬಿರಡೆಗಳನ್ನು ತಿರುಗಿಸಿ ತಂತಿಗಳನ್ನು ಸಡಿಲಿಸುತ್ತ ಹೋಗಿ ರೆಕಾರ್ಡಿನ ಜೊತೆ ಸರಿಮಾಡಿಕೊಂಡಳು. ತಂತಿಗಳು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಸಡಿಲವಾದವು, ಬೆರಳಿಗೆ ಮೆತ್ತಗಾದವು. ದಿನಕ್ಕೆ ಒಂದು ತುಣುಕು. ನಾನು ಮುಳ್ಳು ಇಟ್ಟು, ತುಣುಕು ಮುಗಿಯುತ್ತಲೇ ಎತ್ತಿ, ಮತ್ತೆ ಇಡುತ್ತಿದ್ದೆ. ಕೇಳಿದ್ದನ್ನು ನಾನು ಬಾಯಲ್ಲಿ ಹೇಳುವುದು, ಅವಳು ಬೆರಳಲ್ಲಿ ಹುಡುಕುವುದು. ತಪ್ಪಿದರೆ ನಾನೇ ಮೊದಲು ‘ಇಲ್ಲ’ ಅನ್ನುತ್ತಿದ್ದೆ. ಅಷ್ಟು ದೊಡ್ಡವಳಿಗೆ ಇಲ್ಲ ಅನ್ನುವ ಅಧಿಕಾರ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಅತ್ತೆ ಕೊಟ್ಟಳು, ನನ್ನ ಕಿವಿಯನ್ನು ನಂಬಿದಳು. ನನ್ನ ಮೇಲೆ ನನಗಿರುವ ನಂಬಿಕೆ, ಇದ್ದರೆ, ಅದು ಅಲ್ಲಿಂದ ಬಂದದ್ದು. ಹಿತ್ತಲಲ್ಲಿ ಅಮ್ಮನ ಒರಳುಕಲ್ಲೂ ಆ ಬಿಟ್ಟಿನ ನಡೆಗೆ ತಿರುಗತೊಡಗಿತ್ತು. ಅಜ್ಜಿ ಮಾತ್ರ ರಾಟೆಯನ್ನು ಬೇಕೆಂದೇ ಜೋರಾಗಿ ತಿರುಗಿಸುತ್ತಿದ್ದಳು. ‘ಸತ್ತ ಮನೆ ಹಾಡಿದ್ದಂಗೈತೆ’ ಅನ್ನುತ್ತಿದ್ದಳು. ಆದರೂ ಅವಳ ಮಧ್ಯಾಹ್ನದ ತೂಕಡಿಕೆ ಯಾವಾಗ ನಿಂತುಹೋಯಿತೋ ನಾವು ಗಮನಿಸಲಿಲ್ಲ.

ಮದುವೆಗಳು ಶುರುವಾದ ಮೇಲೆ ಪ್ಲೇಯರೂ ರೆಕಾರ್ಡೂ ಅಪ್ಪನ ಜೊತೆ ಊರೂರು ತಿರುಗಲು ಹೊರಟವು. ಐ.ಡಿ.ಹಳ್ಳಿಯ ಒಂದು ಮದುವೆಯಲ್ಲಿ ಯಾರೋ ಪೆಟ್ಟಿಗೆಗೆ ಡಿಕ್ಕಿ ಹೊಡೆದು ಮುಳ್ಳು ರೆಕಾರ್ಡಿನ ಮೇಲೆ ಅಡ್ಡಡ್ಡ ಗೀರಿಹೋಯಿತು. ಅಪ್ಪ ಅದನ್ನು ಮನೆಗೆ ತಂದು ತಲೆತಗ್ಗಿಸಿ ನಿಂತ. ಹಾಕಿ ನೋಡಿದೆವು. ಪಲ್ಲವಿ ಮುಗಿಯುತ್ತಿದ್ದಂತೆ ಮುಳ್ಳು ಟಪ್ಪನೆ ಚರಣಕ್ಕೆ ಹಾರುತ್ತಿತ್ತು. ಬಿಟ್ ಇದ್ದ ಜಾಗವೇ ಹೋಗಿತ್ತು. ಇನ್ನು ಆ ಬಿಟ್ ಇರುವುದು ಅತ್ತೆಯ ಬೆರಳಿನಲ್ಲಿ ಮತ್ತು ನನ್ನ ತಲೆಯಲ್ಲಿ, ಅಷ್ಟೆ. ಅಲ್ಲಿಂದ ಮುಂದೆ ರೆಕಾರ್ಡಿನ ಹಂಗಿಲ್ಲದೆ ಅತ್ತೆ ದಿನದಿನಕ್ಕೆ ವೇಗ ಏರಿಸುತ್ತ ಹೋದಳು. ಆಷಾಢ ಬರುವಷ್ಟರಲ್ಲಿ ಅವಳ ಕೈ ಓಡುತ್ತಿತ್ತು. ನನಗೂ ಅವಳಿಗೂ ಅದರಲ್ಲಿ ಒಂದು ಕೊರತೆಯೂ ಕಾಣಲಿಲ್ಲ.

ಮಾಸ್ಟರು ಬಸ್ಸಿಳಿದು ಹಾರ್ಮೋನಿಯಮ್ಮನ್ನು ಬಟ್ಟೆಯಲ್ಲಿ ಕಟ್ಟಿ ಹೆಗಲ ಮೇಲೆ ಹೊತ್ತು ಬಂದರು. ಅಜ್ಜಿ ಎದ್ದು ತಾನೇ ಕಂಬಳಿ ಹಾಸಿದಳು. ಅಮ್ಮ ಹುರಿದ ಕಡ್ಲೆಕಾಯಿ, ಬೆಲ್ಲ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಅತ್ತೆ ಎದುರಿಗೆ ಕೂತು, ಕಣ್ಣುಮುಚ್ಚಿ, ಬಿಟ್ಟನ್ನು ಒಂದೇ ಉಸಿರಿಗೆ ಬಾರಿಸಿಬಿಟ್ಟಳು. ನನಗೆ ಕುಣಿಯುವ ಹಾಗಾಯಿತು. ಮಾಸ್ಟರ ಮುಖದಲ್ಲಿ ಸಂತೋಷ ಬಂದು ಅರ್ಧಕ್ಕೇ ನಿಂತಿತು. ಹಾರ್ಮೋನಿಯಮ್ಮಿನ ಒಂದು ಬಿಳಿ ಮನೆ ಒತ್ತಿದರು. ತಲೆಯಾಡಿಸಿದರು. ಪಕ್ಕದ ಕರಿ ಮನೆ ಒತ್ತಿದರು. ಅದೂ ಅಲ್ಲ.

“ಬೇಟಿ, ಕೈ ಬಂಗಾರದಂಗೈತೆ. ಶ್ರುತಿ ಎಲ್ಲಿಂದ ತಂದ್ಯಮ್ಮ? ಬಿಳೀದಕ್ಕೂ ಸೇರ್ತಿಲ್ಲ, ಕರೀದಕ್ಕೂ ಸೇರ್ತಿಲ್ಲ. ನನ್ ಪೆಟ್ಗೇಲಿ ಈ ಶ್ರುತೀನೇ ಇಲ್ಲ.”

ಅತ್ತೆ ತಂತಿಗಳ ಮೇಲೆ ಅಂಗೈ ಒತ್ತಿ ಸದ್ದು ನಿಲ್ಲಿಸಿದಳು. ನಾನು ತಡೆಯಲಾರದೆ ಕೂಗಿಬಿಟ್ಟೆ.

“ಅದು ರೆಕಾರ್ಡಿಗೆ ಸರಿಯಾಗೈತೆ ಮಾಸ್ಟ್ರೇ! ಮೂವತ್ಮೂರಕ್ಕೆ ಹಾಕಿ ಕಟ್ಟಿರೋದು!”

ಅಪ್ಪ ಹಣೆ ಬಡಿದುಕೊಂಡ. ಕಡ್ಡಿ ಸರಿಸಿದವನು ಅವನೇ, ಹಾಡಿನ ಜೊತೆ ಶ್ರುತಿಯೂ ಇಳಿಯುತ್ತದೆ ಅಂತ ಅವನಿಗೂ ಹೊಳೆದಿರಲಿಲ್ಲ. ಮಾಸ್ಟರು ನಗಲು ಶುರುಮಾಡಿದರು, ನಕ್ಕು ನಕ್ಕು ಕೆಮ್ಮು ಬಂತು. ಆರಾಮಾಗಿ ತಂತಿ ಬಿಗಿ ಮಾಡಮ್ಮ, ಬೆರಳಿಡೋ ಜಾಗ ಎಲ್ಲ ಅದೇ ಇರ್ತದೆ, ಏನೂ ಹಾಳಾಗಿಲ್ಲ ಅಂದರು. ಒಂದೊಂದೇ ಸ್ವರ ಕೊಟ್ಟರು. ಅತ್ತೆ ಬಿಗಿಸುತ್ತ ಬಂದಳು. ತಿಂಗಳುಗಟ್ಟಲೆ ಸಡಿಲಾಗಿ ಬಿದ್ದು ತುಕ್ಕು ಹಿಡಿದ ತಂತಿಗಳು ಕಿರ್ರೆಂದವು. ಕೊನೆಯದು, ತೀರ ತೆಳುವಾದದ್ದು, ಬಿಟ್ಟಿನ ಅರ್ಧಕ್ಕರ್ಧ ಅದರ ಮೇಲೆಯೇ ನಿಂತಿದ್ದ ತಂತಿ, ಸರಿಯಾದ ಸ್ವರಕ್ಕೆ ಬರುವ ಹೊತ್ತಿಗೆ ಠಣ್ಣನೆ ಹರಿದು ಅತ್ತೆಯ ಕೆನ್ನೆಗೆ ಬಡಿಯಿತು. ಕೆನ್ನೆಯ ಮೇಲೆ ಕೆಂಪು ಗೆರೆ ಎದ್ದಿತು. ಅಂಥ ತಂತಿ ಮಧುಗಿರಿಯ ಯಾವ ಅಂಗಡಿಯಲ್ಲೂ ಇರಲಿಲ್ಲ.

“ಮುಗೀತಲ್ಲ” ಅಂದಳು ಅಜ್ಜಿ. ಅವಳ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. “ರೆಕಾರ್ಡ್‌ನಲ್ಲಿ ಇರೋ ಹಂಗೆ ಅಂದಿದ್ದೆ ನೀನು. ಮಾತು ಅಂದ್ರೆ ಮಾತು ಕಣ್ಲಾ ಲಿಂಗ.”

ಅಪ್ಪ ಎದ್ದು ನಿಂತ. ತಾಯಿಗೆ ಎದುರು ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ತಂತಿ ಹರಿದಿದ್ದು ತಂತಿ ತಪ್ಪು ಕಣವ್ವ. ಮದ್ವೇಲಿ ನನ್ ಆಂಪ್ಲಿಫಯರ್ ಸುಟ್ಟೋದ್ರೆ ನಂಗೆ ಕಸುಬೇ ಗೊತ್ತಿಲ್ಲ ಅಂತೀಯಾ? ಅವ್ಳು ಇನ್ನೂ ಬಾರ್ಸಿಲ್ಲ. ಬಾರಿಸ್ಲಿ.”

ಅತ್ತೆ ಕೆನ್ನೆ ಒರೆಸಿಕೊಂಡಳು. ಉಳಿದ ಐದು ತಂತಿಗಳನ್ನು ನೋಡಿದಳು. ಬೆರಳುಗಳನ್ನು ಪಕ್ಕದ ತಂತಿಗೆ ಇಳಿಸಿ, ಕೈಯನ್ನು ಗಿಟಾರಿನ ಕತ್ತಿನ ಉದ್ದಕ್ಕೂ ಸರಿಸಿ, ಹರಿದ ತಂತಿಯ ಸ್ವರಗಳನ್ನು ಅಲ್ಲಿ ಹುಡುಕತೊಡಗಿದಳು. ಓಡಲು ಆಗುವಂತಿರಲಿಲ್ಲ. ಮೂವತ್ತಮೂರಕ್ಕಿಂತಲೂ ಮೆಲ್ಲಗೆ, ಒಂದು ಸ್ವರ, ಇನ್ನೊಂದು ಸ್ವರ. ಒಂದೊಂದನ್ನೂ ಅಷ್ಟು ದಿನ ಬೇರೆ ಬೇರೆಯಾಗಿ ಕೇಳಿದ್ದರಿಂದಲೇ ಅವು ಹೊಸ ಜಾಗದಲ್ಲೂ ಸಿಕ್ಕವು. ಬೆರಳು ಜಾರಿಸುವ ಜಾಗ ಬಂತು. ಜಾರಿಸಿದಳು. ಮಾಸ್ಟರು ಹಾರ್ಮೋನಿಯಮ್ಮಿನ ಮೇಲೆ ಕೆಳದನಿಯಲ್ಲಿ ಜೊತೆ ಕೊಡುತ್ತ ಬಂದರು. ಈ ಸಲ ಎರಡೂ ಕೂಡಿದವು. ನಮ್ಮ ನಡುಮನೆಯಲ್ಲಿ ಅಷ್ಟು ನಿಶ್ಶಬ್ದ ನಾನು ಹಿಂದೆಂದೂ ಕಂಡಿರಲಿಲ್ಲ. ರಾಟೆಯ ಮೇಲೆ ಅಜ್ಜಿಯ ಕೈ ಹಾಗೇ ನಿಂತಿತ್ತು.

“ಓಡೋದು ಯಾರಿಗಾದ್ರೂ ಬರ್ತದೆ ಲಿಂಗಪ್ಪ. ನಂಗೆ ಇಷ್ಟು ಸಾಕು. ತಂತಿ ನಾನು ತಂದ್ಕೊಡ್ತೀನಿ” ಅಂದರು ಮಾಸ್ಟರು.

ಮರುದಿನ ಅಪ್ಪ ಪಾವಗಡದ ಬಸ್ಸು ಹತ್ತಿದ. ಅವರು ಬೇಸರ ಮಾಡಿಕೊಂಡರೂ ಊಟ ಹಾಕಿ ಕಳಿಸಿದರಂತೆ. ಅಜ್ಜಿ ಯಾರ ಮೇಲೂ ಕೂಗಾಡಲಿಲ್ಲ, ಅದೇ ನಮಗೆ ಭಯ. ತನ್ನ ಮುದ್ದೆ ತಟ್ಟೆ ತೆಗೆದುಕೊಂಡು ಜಗಲಿಗೆ ಹೋಗಿ ಬೀದಿಗೆ ಮುಖ ಮಾಡಿ ಉಣ್ಣಲು ಶುರುಮಾಡಿದಳು. ಅತ್ತೆಯ ಜೊತೆ ಮಾತು ನಿಲ್ಲಿಸಿದಳು. ‘ಅವಳಿಗೆ ಹೇಳು, ಬಟ್ಟೆ ನೆನೀತೈತೆ ಅಂತ’ ಅಂತ ನನ್ನ ಮೂಲಕ ಹೇಳಿಸುತ್ತಿದ್ದಳು, ಅತ್ತೆ ಎದುರಿಗೇ ನಿಂತಿದ್ದರೂ. ಅತ್ತೆ ಗೆದ್ದಿದ್ದಳು, ಆದರೆ ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತ ಅಳುತ್ತಿದ್ದಳು. ತಾಯಿ ಮಾತಾಡದಿದ್ದರೆ ಯಾವ ಕುರ್ಚಿ ಸಿಕ್ಕರೇನು ಅಂತ ಅಮ್ಮನ ಹತ್ತಿರ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಕೇಳಿ ನನಗೆ ಅಜ್ಜಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಜೊತೆಗೇ ಜಗಲಿಯಲ್ಲಿ ಒಬ್ಬಳೇ ಕೂತು ಉಣ್ಣುವ ಅವಳ ಬೆನ್ನು ನೋಡಿ ಅಳುವೂ ಬಂತು.

ಶ್ರಾವಣದಲ್ಲಿ ಅತ್ತೆಯ ಮೊದಲ ಪ್ರೋಗ್ರಾಮು ಕೊಳಾಲದಲ್ಲಿ. ಅದು ಬೇರೆ ಯಾರ ಮದುವೆಯೂ ಅಲ್ಲ, ಅಜ್ಜಿಯ ಅಕ್ಕನ ಮೊಮ್ಮಗಳದು. ಆದ್ದರಿಂದ ಅಜ್ಜಿ ಬಾರದೆ ಇರುವಂತಿರಲಿಲ್ಲ. ನಮ್ಮ ನೆಂಟರಿಷ್ಟರೆಲ್ಲ ಒಂದೇ ಚಪ್ಪರದ ಕೆಳಗೆ ಸೇರಿದ್ದರು. ಆರತಕ್ಷತೆ ಶುರುವಾಯಿತು. ವೇದಿಕೆಯ ಮೇಲೆ ಮಾಸ್ಟರ ಪಕ್ಕದ ಕುರ್ಚಿಯಲ್ಲಿ ಅತ್ತೆ, ನೀಲಿ ಸೀರೆ ಉಟ್ಟು, ತಲೆ ಎತ್ತದೆ ಕೂತಿದ್ದಳು. ಅಜ್ಜಿ ಹೆಂಗಸರ ನಡುವೆ ನನ್ನ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಮುಂದಿನ ಸಾಲಿನಲ್ಲಿದ್ದ ಗಂಡಿನ ಕಡೆಯ ಒಬ್ಬಳು ಹಿಂತಿರುಗಿ ಕೇಳಿಯೇಬಿಟ್ಟಳು.

“ಅದ್ಯಾರಕ್ಕಾ, ಗಂಡಸ್ರ ಜೊತೆ ಕುಂತಿರೋ ಹೆಣ್ಮಗ? ಯಾರ ಮನೇದು?”

ಅಜ್ಜಿ ಬಾಯಿಗೆ ಎಲೆ ತುರುಕಿಕೊಂಡಳು. ಅಷ್ಟರಲ್ಲಿ ಆ ಹಾಡು ಶುರುವಾಯಿತು. ಪಲ್ಲವಿ ಮುಗಿಯಿತು. ವಾದ್ಯಗಳು ನಿಂತವು. ಅತ್ತೆಯ ಕೈ ಸರ್ರನೆ ಇಳಿದು ಸರ್ರನೆ ಹತ್ತಿತು, ರೆಕಾರ್ಡಿನಲ್ಲಿದ್ದ ಹಾಗೇ, ಒಂದು ಕೂದಲೆಳೆ ಆಚೀಚೆ ಇಲ್ಲದೆ. ಚರಣ ಬಂದುಬಿಟ್ಟಿತು. ಸಂಕ್ರಾಂತಿಯಿಂದ ಆಷಾಢದವರೆಗೆ ನಾವು ಒಳಗೇ ವಾಸ ಮಾಡಿದ್ದ ಆ ಬಿಟ್, ಅಜ್ಜಿ ಎಲೆ ಅಗಿದು ನುಂಗುವಷ್ಟರಲ್ಲಿ ಮುಗಿದುಹೋಗಿತ್ತು. ಹುಡುಗರು ಸಿಳ್ಳೆ ಹೊಡೆದು ಚಪ್ಪಾಳೆ ತಟ್ಟಿ ಮತ್ತೆ ತಮ್ಮ ಮಾತಿಗೆ ಹೋದರು. ನನಗೆ ಏನೋ ಕಳೆದುಕೊಂಡ ಹಾಗಾಯಿತು. ಅಜ್ಜಿ ನನ್ನ ತೋಳು ಹಿಡಿದು ಜಗ್ಗಿದಳು.

“ಆಗೋಯ್ತಾ?”

“ಹೂಂ ಅಜ್ಜಿ.”

“ಅಷ್ಟೇನಾ? ಇಷ್ಟ್ ದಿನ ನನ್ ಮನೇಲಿ ಎಳ್ದೂ ಎಳ್ದೂ ಬಾರ್ಸಿದ್ದು ಇಷ್ಟಾ? ಅದ್ರಲ್ಲಿ ಆ ಜಾರೋದು ಎಲ್ಲಿ ಬಂತು? ನಂಗೆ ಕೇಳಿಸ್ಲೇ ಇಲ್ಲ!”

ಹಾಡು ಮುಗಿಯುವವರೆಗೂ ಗೊಣಗುತ್ತಲೇ ಇದ್ದಳು. ಮುಗಿದ ಕೂಡಲೇ ಎದ್ದಳು. ನಾನು ಸೆರಗು ಹಿಡಿದು ಎಳೆದೆ, ಕೊಸರಿಕೊಂಡಳು. ನೆಂಟರ ಸಾಲುಗಳನ್ನು ದಾಟಿ, ಕೂತವರ ಕಾಲು ತುಳಿಯುತ್ತ, ವೇದಿಕೆಯ ಬುಡಕ್ಕೆ ಹೋಗಿ ಮಾಸ್ಟರ ಮೈಕಿನ ಮುಂದೆಯೇ ನಿಂತಳು. ಮಾಸ್ಟರು ಗಾಬರಿಯಾಗಿ ಕೈಮುಗಿದರು. ಹಾರ್ನುಗಳ ಹತ್ತಿರ ಅಪ್ಪ ಬೀಡಿ ಎಸೆದು ಓಡಿಬರಲು ಶುರುಮಾಡಿದ. ಅತ್ತೆ ಬೆದರಿ ಎದ್ದು ನಿಂತಳು. ಅಜ್ಜಿ ಮನೆಯಲ್ಲಿ ಮಾತಾಡುವ ಗಂಟಲಲ್ಲೇ ಮಾತಾಡಿದಳು. ಅದು ಮೈಕಿಗೆ ಬಿದ್ದು, ಅಪ್ಪನ ಹಾರ್ನುಗಳಿಂದ ಇಡೀ ಕೊಳಾಲಕ್ಕೆ ಕೇಳಿತು.

“ಲೇ ಸರೋಜಿ! ಯಾರ್ ಅಟ್ಟಿಸ್ಕಂಡ್ ಬರ್ತವ್ರೆ ನಿನ್ನ? ಮನೇಲ್ ಬಾರ್ಸ್ತಿದ್ದಂಗೆ ನಿಧಾನಕ್ ಬಾರ್ಸೇ. ನಿಮ್ಮವ್ವ ಕೇಳ್ಬೇಕು.”

ಚಪ್ಪರವೆಲ್ಲ ಗೊಳ್ಳೆಂದು ನಕ್ಕಿತು. ಅತ್ತೆ ಮತ್ತೆ ಕೂತಳು. ಎರಡೂ ಕೈ ಗಿಟಾರಿನ ಮೇಲಿದ್ದವು, ಆದ್ದರಿಂದ ಕಣ್ಣನ್ನು ಭುಜಕ್ಕೆ ಒರೆಸಿಕೊಂಡು, ನಿಧಾನವಾಗಿ ಶುರುಮಾಡಿದಳು.